ಕಿಡ್ನಿ ಕಸಿಯಾದವರ ಕಾಲಿನ ಗಂಟು ಮತ್ತು ಕಪ್ಪು ವರ್ಣದ ಶಿಲೀಂಧ್ರ: ಪ್ರಯೋಗಾಲಯದ ನನ್ನ ಅನುಭವ

ಕರಾವಳಿಯ ಆಸ್ಪತ್ರೆಯೊಂದರ ಪ್ರಯೋಗಾಲಯದಲ್ಲಿ ಶಿಲೀಂಧ್ರ ವಿಭಾಗವನ್ನು ನೋಡಿಕೊಳ್ಳುವ ನನಗೆ, ಕಿಡ್ನಿ ಕಸಿ ಮಾಡಿಸಿಕೊಂಡವರೊಬ್ಬರ ಪಾದದ ಮೇಲೆ ನೋವಿಲ್ಲದ ಗಂಟು ಇದೆ ಎಂದು ಶಸ್ತ್ರಚಿಕಿತ್ಸಕರು ಫೋನ್ ಮಾಡಿದಾಗ ಮೊದಲು ನೆನಪಾದದ್ದು ಫೇಯೊಹೈಫೋಮೈಕೋಸಿಸ್, ಅಂದರೆ ಕಪ್ಪು ವರ್ಣದ ಶಿಲೀಂಧ್ರಗಳಿಂದ ಬರುವ ಸೋಂಕು. ರೋಗಿ ಮಲೆನಾಡಿನ ಅಡಿಕೆ ಬೆಳೆಗಾರರು. ಕಸಿ ಮಾಡಿದ ಕಿಡ್ನಿಯನ್ನು ದೇಹ ತಿರಸ್ಕರಿಸದಂತೆ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಟ್ಯಾಕ್ರೋಲಿಮಸ್, ಮೈಕೋಫಿನೊಲೇಟ್ ಮತ್ತು ಪ್ರೆಡ್ನಿಸೊಲೋನ್ ಸೇವಿಸುತ್ತಿದ್ದರು. ಜ್ವರವಿರಲಿಲ್ಲ, ಮುಳ್ಳು ಚುಚ್ಚಿದ ನೆನಪೂ ಅವರಿಗಿರಲಿಲ್ಲ. ಕೊಬ್ಬಿನ ಗಂಟೆಂದು ಯಾರೋ ಹೇಳಿದ್ದನ್ನು ನಂಬಿ ಅದನ್ನು ಬೆಳೆಯಲು ಬಿಟ್ಟಿದ್ದರು.

ಮಣ್ಣು, ಕೊಳೆತ ಸೊಪ್ಪು ಮತ್ತು ಹಳೆಯ ಮರದಲ್ಲಿ ಬದುಕುವ ಈ ಶಿಲೀಂಧ್ರಗಳ ಕೋಶಭಿತ್ತಿಯಲ್ಲಿ ಮೆಲನಿನ್ ಎಂಬ ಕಪ್ಪು ವರ್ಣದ್ರವ್ಯ ಇರುತ್ತದೆ. ನಮ್ಮ ರಕ್ತದ ಬಿಳಿಕಣಗಳು ಸೂಕ್ಷ್ಮಜೀವಿಗಳನ್ನು ಕೊಲ್ಲಲು ಬಿಡುಗಡೆ ಮಾಡುವ ಆಕ್ಸಿಡೀಕಾರಕ ರಾಸಾಯನಿಕಗಳನ್ನು ಈ ಮೆಲನಿನ್ ಹೀರಿ ನಿಷ್ಕ್ರಿಯಗೊಳಿಸುವುದರಿಂದ, ಔಷಧಿಯಿಂದ ರೋಗನಿರೋಧಕ ಶಕ್ತಿ ಕುಗ್ಗಿರುವವರಲ್ಲಿ ಸಣ್ಣದೊಂದು ಮರದ ಚೂರಿನ ಜೊತೆ ಚರ್ಮದಡಿ ಸೇರಿದ ಶಿಲೀಂಧ್ರವೂ ಸದ್ದಿಲ್ಲದೆ ಬೆಳೆಯಬಲ್ಲದು.

ಶಸ್ತ್ರಚಿಕಿತ್ಸಕರಲ್ಲಿ ನಾನು ಕೇಳಿಕೊಂಡದ್ದು ಇಷ್ಟೇ: ಕೊಯ್ಯುವ ಮೊದಲು ದಪ್ಪ ಸೂಜಿಯಿಂದ ಕೀವನ್ನು ಎಳೆದು ಸಿರಿಂಜಿನಲ್ಲೇ ಕಳುಹಿಸಬೇಕು, ತೆಗೆದ ಗಂಟನ್ನು ಎರಡು ಭಾಗ ಮಾಡಿ ಒಂದನ್ನು ಫಾರ್ಮಲಿನ್‌ನಲ್ಲಿ ಪೆಥಾಲಜಿಗೂ ಇನ್ನೊಂದನ್ನು ಸ್ಟೆರೈಲ್ ಸಲೈನ್‌ನಲ್ಲಿ ನಮಗೂ ಕೊಡಬೇಕು. ಫಾರ್ಮಲಿನ್‌ಗೆ ಬಿದ್ದ ತುಂಡಿನಲ್ಲಿ ಶಿಲೀಂಧ್ರ ಸತ್ತೇ ಹೋಗುತ್ತದೆ, ಅದನ್ನು ಕಲ್ಚರ್‌ನಲ್ಲಿ ಬೆಳೆಸಲಾಗದು. ಈ ರೋಗದ ಪತ್ತೆ ಅರ್ಧದಷ್ಟು ಆಪರೇಷನ್ ಥಿಯೇಟರಿನಲ್ಲೇ ತೀರ್ಮಾನವಾಗುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ. ನಾವು ಎಷ್ಟೇ ದುಬಾರಿ ಯಂತ್ರ ತಂದರೂ ಆ ಸಲೈನ್ ಬಾಟಲಿಗೆ ಬದಲಿಯಿಲ್ಲ.

ಬಂದ ಕೀವು ದಪ್ಪವಾಗಿ, ಕಂದು ಛಾಯೆಯಲ್ಲಿತ್ತು. ಸ್ಲೈಡಿನ ಮೇಲೆ ಒಂದು ಹನಿಗೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಸೇರಿಸಿ, ಕವರ್‌ಸ್ಲಿಪ್ ಇಟ್ಟು, ಜೀವಕೋಶಗಳು ಕರಗಲು ಬಿಟ್ಟು, ಸೂಕ್ಷ್ಮದರ್ಶಕದ ಕಂಡೆನ್ಸರ್ ಇಳಿಸಿ ಬೆಳಕನ್ನು ಕಡಿಮೆ ಮಾಡಿ ನೋಡಿದೆ. ಯಾವ ಬಣ್ಣವನ್ನೂ ಹಾಕದೆ ತಾನೇತಾನಾಗಿ ತಿಳಿಗಂದಾಗಿ ಕಾಣುವ ಎಳೆಗಳು, ಅಡ್ಡಗೋಡೆಗಳಿದ್ದಲ್ಲಿ ಕಿರಿದಾಗಿ ನಡುವೆ ಉಬ್ಬಿ ಜಪಮಣಿ ಪೋಣಿಸಿದಂತಿದ್ದವು. ಅಲ್ಲಲ್ಲಿ ಯೀಸ್ಟ್‌ನಂಥ ದುಂಡು ಕೋಶಗಳೂ ಇದ್ದವು. ಕಪ್ಪು ಶಿಲೀಂಧ್ರಗಳಿಂದಲೇ ಬರುವ ಇನ್ನೊಂದು ಚರ್ಮರೋಗವಾದ ಕ್ರೋಮೋಬ್ಲಾಸ್ಟೋಮೈಕೋಸಿಸ್‌ನಲ್ಲಿ ಕಾಣಸಿಗುವ, ಉದ್ದಕ್ಕೂ ಅಡ್ಡಕ್ಕೂ ಗೋಡೆಗಳಿರುವ ದಪ್ಪ ಸ್ಕ್ಲೆರೋಟಿಕ್ ಕೋಶಗಳು ಇರಲಿಲ್ಲ. ಅದೇ ದಿನ ವಾರ್ಡಿಗೆ ಪ್ರಾಥಮಿಕ ವರದಿ ಹೋಯಿತು.

ವಿಷಯ ಕೇಳಿದ ರೋಗಿಯ ಮಗ, 2021ರಲ್ಲಿ ಕೋವಿಡ್ ಬಂದವರನ್ನು ಕಾಡಿದ ‘ಬ್ಲ್ಯಾಕ್ ಫಂಗಸ್’ ಕಾಯಿಲೆ ಇದೇ ಇರಬೇಕೆಂದು ಹೆದರಿ ನಮ್ಮ ವಿಭಾಗಕ್ಕೇ ಬಂದುಬಿಟ್ಟರು. ಅಂದಿನದು ಮ್ಯೂಕರ್‌ಮೈಕೋಸಿಸ್, ಆ ಶಿಲೀಂಧ್ರದ ಎಳೆಗಳು ಅಗಲವಾಗಿ, ಬಣ್ಣವಿಲ್ಲದೆ ಇರುತ್ತವೆ, ಕಪ್ಪಾಗುವುದು ರಕ್ತಸಂಚಾರ ನಿಂತು ಸತ್ತ ಅಂಗಾಂಶ. ಅದರ ವೇಗವೂ ಬೇರೆ, ಔಷಧವೂ ಬೇರೆ ಎಂದು ವಿವರಿಸಿದ ಮೇಲೆ ಅವರಿಗೆ ಸಮಾಧಾನವಾಯಿತು.

ಅಂಗಾಂಶವನ್ನು ಸ್ಕಾಲ್ಪೆಲ್‌ನಿಂದ ಸಣ್ಣಗೆ ಹೆಚ್ಚಿ, ಶಿಲೀಂಧ್ರ ಬೆಳೆಸುವ ಮಾಧ್ಯಮವಾದ ಸಬೌರಾಡ್ ಅಗಾರ್‌ನ ಟ್ಯೂಬುಗಳಲ್ಲಿ, ಬೇಡದ ಬೂಸ್ಟುಗಳನ್ನು ತಡೆಯುವ ಸೈಕ್ಲೋಹೆಕ್ಸಿಮೈಡ್ ಇರುವುದು ಮತ್ತು ಇಲ್ಲದಿರುವುದು ಎರಡರಲ್ಲೂ ಹಾಕಿದೆ. ಈ ವರ್ಗದ ಶಿಲೀಂಧ್ರಗಳು ನಿಧಾನವಾಗಿ ಬೆಳೆಯುವುದರಿಂದ 4 ವಾರಗಳವರೆಗೆ ಟ್ಯೂಬ್ ಎಸೆಯಬಾರದೆಂದು ನಮ್ಮಲ್ಲಿ ನಿಯಮ. ಇಲ್ಲೊಂದು ಎಚ್ಚರ ಬೇಕು: ಆಲ್ಟರ್ನೇರಿಯಾ, ಕರ್ವುಲೇರಿಯಾದಂಥ ಕಪ್ಪು ಶಿಲೀಂಧ್ರಗಳು ಗಾಳಿಯಲ್ಲೇ ಇರುತ್ತವೆ. ಒಂದೇ ಟ್ಯೂಬಿನ ಅಂಚಿನಲ್ಲಿ ಕಪ್ಪು ಕಾಲೊನಿಯೊಂದು ಕಂಡ ಮಾತ್ರಕ್ಕೆ ಅದೇ ರೋಗಕಾರಕ ಎಂದು ಬರೆದುಬಿಟ್ಟರೆ, ರೋಗಿ ತಿಂಗಳುಗಟ್ಟಲೆ ಬೇಡದ ಔಷಧ ನುಂಗಬೇಕಾಗುತ್ತದೆ. ನೇರ ಪರೀಕ್ಷೆಯಲ್ಲಿ ಕಂಡದ್ದಕ್ಕೂ ಕಲ್ಚರ್‌ನಲ್ಲಿ ಬೆಳೆದದ್ದಕ್ಕೂ ತಾಳೆಯಾದರೆ ಮಾತ್ರ ನಾನು ಸಹಿ ಹಾಕುತ್ತೇನೆ. ಇಲ್ಲಿ ಎಲ್ಲ ಟ್ಯೂಬುಗಳಲ್ಲೂ, ಅಂಗಾಂಶದ ತುಣುಕುಗಳಿದ್ದ ಜಾಗದಲ್ಲೇ, ಮೊದಲು ಒದ್ದೆಯಾದ ಕಪ್ಪು ಕಾಲೊನಿಗಳು ಮೂಡಿ ಬರಬರುತ್ತಾ ಬೂದುಗಪ್ಪು ಮಖಮಲ್ಲಿನಂತಾದವು. ಸ್ಲೈಡ್ ಕಲ್ಚರ್‌ನಲ್ಲಿ ಮೊನಚು ತುದಿಯ ಕೋಶಗಳೂ ಆ ತುದಿಯಲ್ಲಿ ಗುಂಪುಗೂಡಿದ ಕೊನಿಡಿಯಾಗಳೂ (ಶಿಲೀಂಧ್ರದ ಬೀಜಕಗಳು) ಕಂಡು ಇದು ಎಕ್ಸೋಫಿಯಾಲ ಎಂಬ ಕಪ್ಪು ಶಿಲೀಂಧ್ರ ಎಂಬುದು ಸ್ಪಷ್ಟವಾಯಿತು; ಪ್ರಭೇದದ ಖಚಿತತೆಗೆ ಡಿಎನ್‌ಎ ಸೀಕ್ವೆನ್ಸಿಂಗ್ ಮಾಡಿಸಿದೆವು. ಮೆಲನಿನ್ ತೋರಿಸುವ ಫೊಂಟಾನಾ-ಮ್ಯಾಸನ್ ಬಣ್ಣ ಹಾಕಿದ್ದ ಪೆಥಾಲಜಿಯವರಿಗೆ ಗಂಟಿನ ನಡುವೆ ಮರದ ಸಿಬಿರೊಂದು ಸಿಕ್ಕಿತ್ತು, ಎಳೆಗಳು ಅದರ ಸುತ್ತಲೇ ದಟ್ಟವಾಗಿದ್ದವು.

ತಲೆನೋವು, ಫಿಟ್ಸ್, ಕೈಕಾಲಿನ ನಿಶ್ಶಕ್ತಿ ಇದೆಯೇ ಎಂದು ವಾರ್ಡಿನ ವೈದ್ಯರಲ್ಲಿ ಕೇಳದೆ ನಾನು ಇಂಥ ಯಾವ ವರದಿಯನ್ನೂ ಮುಗಿಸುವುದಿಲ್ಲ. ಇದೇ ಬಳಗದ ಕ್ಲಾಡೋಫಿಯಾಲೋಫೋರಾ ಬ್ಯಾಂಟಿಯಾನಾ ಎಂಬ ಶಿಲೀಂಧ್ರ ಮಿದುಳಿನಲ್ಲಿ ಕೀವುಗಟ್ಟಿಸುತ್ತದೆ, ಭಾರತದಿಂದಲೂ ಸಾಕಷ್ಟು ವರದಿಯಾಗಿದೆ. 2004ರಲ್ಲಿ ಪ್ರಕಟವಾದ, ಮಿದುಳಿನ ಇಂಥ ಸೋಂಕಿನ 101 ಪ್ರಕರಣಗಳ ವಿಶ್ಲೇಷಣೆಯಲ್ಲಿ ಹತ್ತರಲ್ಲಿ ಏಳಕ್ಕೂ ಹೆಚ್ಚು ಮಂದಿ ತೀರಿಕೊಂಡಿದ್ದರು. ಅರ್ಧಕ್ಕಿಂತ ಹೆಚ್ಚಿನವರಲ್ಲಿ ರೋಗನಿರೋಧಕ ಶಕ್ತಿಯ ಕೊರತೆ ಮೊದಲಿನಿಂದ ಗೊತ್ತಿರಲೇ ಇಲ್ಲ. ನಮ್ಮ ರೋಗಿಗೆ ಅಂಥ ಲಕ್ಷಣಗಳಿರಲಿಲ್ಲ.

ಗಂಟನ್ನು ಪೂರ್ತಿಯಾಗಿ ತೆಗೆದದ್ದೇ ಮುಖ್ಯ ಚಿಕಿತ್ಸೆ. ಜೊತೆಗೆ ಶಿಲೀಂಧ್ರದ ಔಷಧವಾದ ಇಟ್ರಾಕೊನಜೋಲ್ 200 ಮಿ.ಗ್ರಾಂ. ದಿನಕ್ಕೆರಡು ಬಾರಿ ಎಂದು ನಿರ್ಧಾರವಾಯಿತು. ಇದು ಯಕೃತ್ತಿನಲ್ಲಿ ಟ್ಯಾಕ್ರೋಲಿಮಸನ್ನು ಒಡೆಯುವ ಕಿಣ್ವವನ್ನೇ ತಡೆಯುತ್ತದೆ. ಹಾಗಾಗಿ ಹಳೆಯ ಡೋಸನ್ನೇ ಮುಂದುವರಿಸಿದರೆ ರಕ್ತದಲ್ಲಿ ಟ್ಯಾಕ್ರೋಲಿಮಸ್ ಏರಿ ಕಸಿ ಮಾಡಿದ ಕಿಡ್ನಿಗೇ ಪೆಟ್ಟು ಬೀಳುತ್ತದೆ. ನೆಫ್ರಾಲಜಿ ವೈದ್ಯರು ಮೊದಲೇ ಡೋಸ್ ತಗ್ಗಿಸಿ, ಬೆಳಗಿನ ಡೋಸ್‌ಗೆ ಮುನ್ನ ರಕ್ತ ತೆಗೆಸಿ ಮಟ್ಟವನ್ನು ಪದೇ ಪದೇ ನೋಡಿದರು. ಕ್ಯಾಪ್ಸೂಲ್ ಮೈಗೆ ಸೇರಲು ಜಠರದ ಆಮ್ಲ ಬೇಕಾದ್ದರಿಂದ ಗ್ಯಾಸಿನ ಮಾತ್ರೆ ನಿಲ್ಲಿಸಿ, ಊಟದೊಂದಿಗೇ ನುಂಗಬೇಕೆಂದು ರೋಗಿಗೆ ತಿಳಿಸಲಾಯಿತು. ಇಟ್ರಾಕೊನಜೋಲ್ ನಿಲ್ಲಿಸುವಾಗ ಲೆಕ್ಕ ತಿರುಗುಮುರುಗಾಗಿ ಟ್ಯಾಕ್ರೋಲಿಮಸ್ ಮಟ್ಟ ಕುಸಿದು ದೇಹವು ಕಿಡ್ನಿಯನ್ನು ತಿರಸ್ಕರಿಸುವ ಭಯವಿರುವುದರಿಂದ, ಮಾತ್ರೆ ನಿಲ್ಲಿಸುವ ದಿನ ಮತ್ತು ಅದರ ನಂತರದ ರಕ್ತಪರೀಕ್ಷೆಗಳ ದಿನಾಂಕಗಳನ್ನು ಡಿಸ್ಚಾರ್ಜ್ ಚೀಟಿಯಲ್ಲೇ ಬರೆಸಿದೆವು. ತೋಟಕ್ಕಿಳಿಯುವಾಗ ಗಮ್‌ಬೂಟ್ ಹಾಕಬೇಕೆಂದೂ, ಅದೇ ಜಾಗದಲ್ಲಿ ಮತ್ತೆ ಊತ ಕಂಡರೆ ಊರಿನಲ್ಲಿ ಕೊಯ್ಯಿಸಿಕೊಳ್ಳದೆ ನೇರವಾಗಿ ನಮ್ಮಲ್ಲಿಗೆ ಬರಬೇಕೆಂದೂ ಅದೇ ಚೀಟಿಯಲ್ಲಿದೆ.