ಕುಂಬಾರಗುಂಡಿಯ ಕೆಸರು, ಮುಯ್ಯಾಳಿನ ಲೆಕ್ಕ

ತುಂಗೆ ಎಷ್ಟು ಏರಿದಳು ಎಂದು ನೋಡಲು ಶಿವಮೊಗ್ಗದವರು ಕೋರ್ಪಲಯ್ಯ ಛತ್ರದ ಹತ್ತಿರ ಹೋಗುತ್ತಾರೆ. ಹೊಳೆಯೊಳಗಿನ ಮಂಟಪ ಮುಳುಗಿದರೆ ಅದೇ ಊರಿಗೆಲ್ಲ ಸುದ್ದಿ. 2019ರ ಆಗಸ್ಟ್‌ನಲ್ಲಿ ಮಂಟಪ ಮುಳುಗಿದ್ದಷ್ಟೇ ಅಲ್ಲ, ನೀರು ಕುಂಬಾರಗುಂಡಿ, ಸೀಗೆಹಟ್ಟಿ ಕಡೆಯ ಮನೆಗಳಿಗೂ ನುಗ್ಗಿತು.

ಮೊದಲ ಮೂರು ದಿನ ನೆರವಿಗೆ ಬರುವ ಜನಕ್ಕೆ ಬರವಿರಲಿಲ್ಲ. ಚಿತ್ರಾನ್ನದ ಪೊಟ್ಟಣ ಹಂಚಿ ಮಿಕ್ಕಿತು, ಹಳೇ ಸೀರೆಗಳ ರಾಶಿ ನೆಂದು ವಾಸನೆ ಹಿಡಿಯಿತು. ನೀರು ಇಳಿದು ಕೆಸರು ಮಾತ್ರ ಉಳಿದಾಗ ಹಾರೆ, ಬಾಂಡ್ಲಿ ಹಿಡಿಯಲು ನಾವು ಆರೇ ಜನ. ಒಬ್ಬ ಅಜ್ಜಿಯ ಮನೆಯಲ್ಲಿ ಅಕ್ಕಿ ಡಬ್ಬಿ ತೆಗೆದೆ. ಅಕ್ಕಿ ಊದಿ, ಮುಚ್ಚಳವನ್ನೇ ಎತ್ತಿತ್ತು. ಹುಳಿ ವಾಸನೆ ಮುಖಕ್ಕೆ ರಾಚಿತು. ಅಜ್ಜಿ ಅದನ್ನು ನೋಡಲೇ ಇಲ್ಲ. "ನಾಳೆನೂ ಬರ್ತೀರಲ್ಲಪ್ಪಾ?" ಎಂದರು. ಬರುತ್ತೇವೆ ಅಂದುಬಿಟ್ಟೆ. ಮರುದಿನ ಇಬ್ಬರಿಗೆ ಸೊಂಟ ಹಿಡಿದಿತ್ತು, ಒಬ್ಬ ಹುಡುಗನಿಗೆ ಜ್ವರ. ಇಲಿ ಜ್ವರದ ಭಯವಿರುವ ನೀರಿಗೆ ಗಂಬೂಟು ಇಲ್ಲದೆ ಅವನನ್ನು ಇಳಿಸಿದ್ದು ನನ್ನ ತಪ್ಪು. ರಕ್ತ ಪರೀಕ್ಷೆಯಲ್ಲಿ ಏನೂ ಇಲ್ಲ ಎಂದು ಗೊತ್ತಾಗುವವರೆಗೆ ನನಗೆ ನಿದ್ದೆ ಹತ್ತಲಿಲ್ಲ.

ಆಗ ನೆನಪಾದದ್ದು ತೀರ್ಥಹಳ್ಳಿ ಕಡೆಯ ನಮ್ಮಜ್ಜನ ಮನೆಯ ನಾಟಿ. ಕೂಲಿಯಿಲ್ಲ, ಮುಯ್ಯಾಳು. ಇವತ್ತು ನಮ್ಮ ಗದ್ದೆಗೆ ಅವರು, ನಾಳೆ ಅವರ ಗದ್ದೆಗೆ ನಾವು. ಎಷ್ಟು ಆಳು ಬಂದರು, ಎಷ್ಟು ತೀರಿಸಬೇಕು ಎಂಬುದು ನಮ್ಮಜ್ಜಿಗೆ ಬಾಯಿಪಾಠ. ಪೇಟೆಯ ಸೇವೆಯಲ್ಲಿ ಈ ಲೆಕ್ಕವೇ ಇಲ್ಲ. ಮಾಡುವವರು ಮಾಡುತ್ತಲೇ ಇದ್ದು ಸೋಲುತ್ತಾರೆ; ಪಡೆದವರು ತಲೆ ತಗ್ಗಿಸಿ ನಿಲ್ಲುತ್ತಾರೆ. ನನಗೆ ಎರಡನೆಯದೇ ಹೆಚ್ಚು ನೋವಿನ ಸಂಗತಿ.

ಒಂದು ನೋಟ್‌ಬುಕ್ ತಂದೆ. ಸತತ ಎರಡು ದಿನ ದುಡಿದವರಿಗೆ ಮೂರನೇ ದಿನ ರಜೆ, ಕರೆದರೂ ಬರಕೂಡದು. ಗಂಬೂಟು ಎಷ್ಟು ಜೊತೆಯೋ ಅಷ್ಟೇ ಆಳು. ಮನೆ ತೊಳೆಸಿಕೊಂಡವರು, ಕೈಲಾದರೆ, ಪಕ್ಕದ ಮನೆಗೆ ಅರ್ಧ ದಿನ. ಇದನ್ನು ಕೇಳಲು ನನಗೆ ಬಹಳ ಸಂಕೋಚವಿತ್ತು. ಎಲ್ಲ ಕಳೆದುಕೊಂಡವರನ್ನು ದುಡಿಯಿರಿ ಅನ್ನುವುದು ಹೇಗೆ? ಆದರೆ ಕೇಳಿದ ಮೇಲೆ ಯಾರೂ ಬೇಸರಪಡಲಿಲ್ಲ. ಬರಲಾಗದವರು ಚಹಾ ಕಾಯಿಸಿ ಕೊಟ್ಟರು.

ಅಕ್ಕಿ ಡಬ್ಬಿಯ ಆ ಅಜ್ಜಿಯ ಮಗ ಮೂರನೇ ಸಾಲಿನ ಮನೆಯ ಕೆಲಸಕ್ಕೆ ಬಂದ. ಸಂಜೆ ಕೈ ತೊಳೆದುಕೊಂಡು ಹತ್ತಿರ ಬಂದು, "ಬರ್ಕೊಳ್ಳಿ ಅಣ್ಣಾ, ಅಮ್ಮನ ಲೆಕ್ಕ ತೀರ್ತು," ಎಂದ.