ಇಎಎಲ್ 4 ಎಂಬ ಅಂಕೆಯ ಹಿಂದೆ

ಟೆಂಡರ್‌ನಲ್ಲಿ ಇದ್ದದ್ದು ಒಂದೇ ಸಾಲು: ಆಪರೇಟಿಂಗ್ ಸಿಸ್ಟಂಗೆ ಕಾಮನ್ ಕ್ರೈಟೀರಿಯಾದ (ಕಂಪ್ಯೂಟರ್ ಸುರಕ್ಷತೆಯನ್ನು ಅಳೆಯುವ ಅಂತರರಾಷ್ಟ್ರೀಯ ಮಾನದಂಡ) ಇಎಎಲ್ 4 ಮಟ್ಟದ ಪ್ರಮಾಣಪತ್ರ ಇರಬೇಕು. ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 5ಕ್ಕೆ 2007ರಲ್ಲೇ ಅದು ಸಿಕ್ಕಿತ್ತು. ಅದನ್ನು ಇನ್‌ಸ್ಟಾಲ್ ಮಾಡಿದರೆ ಷರತ್ತು ಪೂರೈಸಿದಂತೆ ಎಂದುಕೊಂಡೆ.

ಪ್ರಮಾಣಪತ್ರದ ಜೊತೆಗಿದ್ದ ‘ಸೆಕ್ಯುರಿಟಿ ಟಾರ್ಗೆಟ್’ ದಾಖಲೆಯನ್ನು ಓದಿದ ಮೇಲೆ ಆ ಎಣಿಕೆ ಬಿದ್ದುಹೋಯಿತು. ಪರೀಕ್ಷೆಗೆ ಒಳಗಾದದ್ದು ಗೊತ್ತುಪಡಿಸಿದ ಯಂತ್ರಗಳು, ಗೊತ್ತುಪಡಿಸಿದ ಪ್ಯಾಕೇಜುಗಳು, ಗೊತ್ತುಪಡಿಸಿದ ಸೆಟ್ಟಿಂಗ್‌ಗಳು ಮಾತ್ರ. ಅಷ್ಟರಾಚೆಗೆ ಪ್ರಮಾಣಪತ್ರದ ಮಾತು ನಡೆಯುವುದಿಲ್ಲ. 1ರಿಂದ 7ರವರೆಗಿನ ಇಎಎಲ್ ಅಂಕೆಯಾದರೂ ಹೇಳುವುದು ಪರಿಶೀಲನೆ ಎಷ್ಟು ಆಳವಾಗಿ ನಡೆಯಿತು ಎಂಬುದನ್ನು. ಯಾವ ರಕ್ಷಣೆಗಳನ್ನು ಪರಿಶೀಲಿಸಿದರು ಎಂಬುದು ಸೆಕ್ಯುರಿಟಿ ಟಾರ್ಗೆಟ್‌ನಲ್ಲೂ, ಅದು ಆಧಾರವಾಗಿಟ್ಟುಕೊಂಡ ಪ್ರೊಟೆಕ್ಷನ್ ಪ್ರೊಫೈಲ್‌ನಲ್ಲೂ (ಒಂದು ಬಗೆಯ ಉತ್ಪನ್ನಕ್ಕೆ ಬೇಕಾದ ರಕ್ಷಣೆಗಳ ಪಟ್ಟಿ) ಇರುತ್ತದೆ. ನಮಗೆ ಸಂಬಂಧಿಸಿದ ಸಿಎಪಿಪಿ (ಕಂಟ್ರೋಲ್ಡ್ ಆಕ್ಸೆಸ್ ಪ್ರೊಟೆಕ್ಷನ್ ಪ್ರೊಫೈಲ್), ಬಳಕೆದಾರರು ಹಗೆತನವಿಲ್ಲದವರು, ಶಿಸ್ತಿನ ಆಡಳಿತದಲ್ಲಿರುವವರು ಎಂದು ಮೊದಲೇ ಊಹಿಸಿಕೊಂಡಿದೆ. ಈ ಮಾತನ್ನು ಟೆಂಡರ್ ಬರೆಯುವವರು ತಪ್ಪದೆ ಓದಬೇಕು.

ಹಾಗಾಗಿ ಪರೀಕ್ಷಿತ ಸೆಟ್ಟಿಂಗ್‌ಗಳಿಗೆ ಹೊಂದುವಂತೆ, ಇನ್‌ಸ್ಟಾಲ್ ಆಯ್ಕೆಗಳನ್ನೆಲ್ಲ ಮೊದಲೇ ಬರೆದಿಟ್ಟ ಕಿಕ್‌ಸ್ಟಾರ್ಟ್ ಕಡತದಿಂದ ಮತ್ತೆ ಇನ್‌ಸ್ಟಾಲ್ ಮಾಡಿದೆ. ಬೇಡದ ಸೇವೆಗಳೆಲ್ಲ ಹೋದವು. ಹೆಚ್ಚು ಕಲಿಸಿದ್ದು ಆಡಿಟ್, ಅಂದರೆ ಸರ್ವರ್‌ನಲ್ಲಿ ಯಾರು ಏನು ಮಾಡಿದರು ಎಂದು ಬರೆದಿಡುವ ವ್ಯವಸ್ಥೆ. ಒಂದು ದಾಖಲೆಯೂ ಕಳೆದುಹೋಗಬಾರದೆಂದು, ಡಿಸ್ಕ್ ತುಂಬಿದರೆ ‘ಹಾಲ್ಟ್’ (ಯಂತ್ರವನ್ನೇ ನಿಲ್ಲಿಸು) ಎಂದು, ಆ ದಾಖಲೆ ಬರೆಯುವ ಪ್ರೋಗ್ರಾಂ ಆದ ಆಡಿಟ್‌ಡಿ ಸೆಟ್ಟಿಂಗ್‌ನಲ್ಲಿ ಬರೆದಿದ್ದೆ. ಮೂರನೇ ವಾರ ಒಂದು ರಾತ್ರಿ ಸರ್ವರ್ ನಿಂತೇಹೋಯಿತು. ಕಡತ ತೆರೆಯುವ ಪ್ರತಿಯೊಂದು ಕರೆಯನ್ನೂ ಬರೆದಿಡುವ ನಿಯಮವೊಂದು ಡಿಸ್ಕ್‌ನ ಲಾಗ್ (ದಾಖಲೆ) ವಿಭಾಗವನ್ನು ತುಂಬಿಸಿಬಿಟ್ಟಿತ್ತು. ಸರ್ವರ್ ಮಾಡಿದ್ದು ಸರಿಯಾಗಿಯೇ ಇತ್ತು. ಜಾಗದ ಲೆಕ್ಕ ಹಾಕದಿದ್ದದ್ದು ನನ್ನ ತಪ್ಪು. ಅಂದಿನಿಂದ ಆಡಿಟ್‌ಗೆ ಪ್ರತ್ಯೇಕ ವಿಭಾಗ ಕೊಟ್ಟು, ಒಂದು ವಾರದ ಲಾಗ್ ಅಳೆದ ಮೇಲೆಯೇ ಅದರ ಗಾತ್ರ ನಿರ್ಧರಿಸುತ್ತೇನೆ. ಜಾಗ ಕಡಿಮೆಯಾಗುತ್ತಿದ್ದಂತೆ ಎಚ್ಚರಿಕೆಯ ಮೇಲ್ ಬರುವಂತೆಯೂ ಮಾಡಿದ್ದೇನೆ.

ನಿಜವಾದ ಇಕ್ಕಟ್ಟು ದೋಷ ಸರಿಪಡಿಸುವ ಪ್ಯಾಚ್‌ಗಳದ್ದು. ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್‌ನಲ್ಲಿ ದೋಷ ಸಿಕ್ಕಿ ಹೊಸ ಆವೃತ್ತಿ ಬಂತು. ಹಾಕಿದರೆ ಪರೀಕ್ಷಿತ ಆವೃತ್ತಿಯಿಂದ ಆಚೆ ಹೋಗುತ್ತೇವೆ, ಹಾಕದಿದ್ದರೆ ಗೊತ್ತಿದ್ದೂ ಬಾಗಿಲು ತೆರೆದಿಟ್ಟಂತೆ. ಸೋರ್ಸ್ ಕೋಡ್ ಮುಕ್ತವಾಗಿದ್ದದ್ದು ಇಲ್ಲಿ ಕೈಹಿಡಿಯಿತು: ಬದಲಾದ ಸಾಲುಗಳನ್ನು ನಾನೇ ಓದಿ, ಅವು ಆಡಿಟ್ ಮತ್ತು ಪ್ರವೇಶ ನಿಯಂತ್ರಣದ ಭಾಗಗಳನ್ನು ಮುಟ್ಟಿಲ್ಲ ಎಂದು ಖಚಿತಪಡಿಸಿಕೊಂಡೆ. ಪ್ಯಾಚ್ ಹಾಕಿದೆ. ಯಾವ ದಿನ, ಯಾವ ದೋಷಕ್ಕೆ, ಯಾವ ಕಡತಗಳು ಬದಲಾದವು ಎಂದು ಎರಡು ಪುಟ ಬರೆದು, ಹೊಣೆ ಹೊತ್ತ ಅಧಿಕಾರಿಯ ಸಹಿ ಪಡೆದು, ಪ್ರಮಾಣಪತ್ರದ ಪ್ರತಿಯ ಹಿಂದೆಯೇ ಲಗತ್ತಿಸಿದೆ.