ರುಕ್ಮಿಣಿ ಅಂಗಳದಾಗ ಬಿದ್ದ ಹೂವು: ವಿಲನ್ ಇಲ್ಲದ ಕಥೆ 24 ಕಂತು ಓಡಿದ್ದು ಹೀಗೆ

ಮೊದಲ ಕಂತು 30 ಪ್ರತಿ ತೆಗೆದಿದ್ದೆ. ಕಡೆಯದಕ್ಕೆ 180 ಸಾಲಲಿಲ್ಲ, ಭಾನುವಾರ ಬೆಳಿಗ್ಗೆ ಮತ್ತೆ ಮಷಿನ್ ಹಚ್ಚಬೇಕಾಯಿತು. ಇಳಕಲ್‌ನಲ್ಲಿ ನನ್ನದೊಂದು ಝೆರಾಕ್ಸ್ ಮತ್ತು ಡಿಟಿಪಿ ಅಂಗಡಿ. ಅದೇ ಅಂಗಡಿಯಿಂದ ಹದಿನೈದು ದಿನಕ್ಕೊಮ್ಮೆ, ಶನಿವಾರ, ಒಂದು ಎ4 ಹಾಳೆ ನಡುವೆ ಮಡಚಿ ನಾಲ್ಕು ಪುಟದ ಕಥೆ ಹೊರಡಿಸಿದೆ. ಯುದ್ಧ ಇಲ್ಲ, ರಾಕ್ಷಸ ಇಲ್ಲ, ಶಾಪವೂ ಇಲ್ಲ. "ಜಗಳ ಇಲ್ಲದ ಕಥಿ ಯಾರ್ ಓದ್ತಾರೋ? ಮೂರನೇ ಕಂತಿಗೆ ಮುಚ್ಚತೈತಿ" ಅಂದಿದ್ದ ಗೆಳೆಯ ಕಡೆಯ ಎಂಟು ಕಂತುಗಳನ್ನು ತಾನೇ ಹುನಗುಂದಕ್ಕೆ ಒಯ್ದು ಹಂಚಿದ. ಹಾಗಾಗಿ ಈಗ ಬರೆಯುತ್ತಿದ್ದೇನೆ. ಫ್ಯಾನ್ ಫಿಕ್ಷನ್, ಅಂದರೆ ಮೆಚ್ಚಿದ ಹಳೆಯ ಕಥೆಯನ್ನು ತಾವೇ ಮುಂದುವರಿಸಿ ಬರೆಯುವವರಿಗೆ ಮೂಲ ಯಾವುದು, ಮುಂದುವರಿಕೆ ಯಾವುದು ಅಂತ ನಾನು ಹೇಳಬೇಕಾಗಿಲ್ಲ, ನೇರ ಕೆಲಸಕ್ಕೆ ಬರುತ್ತೇನೆ.

ನನ್ನ ಮೂಲ ಶ್ರೀಕೃಷ್ಣ ಪಾರಿಜಾತ. ಕುಲಗೋಡು ತಮ್ಮಣ್ಣ ರಂಗಕ್ಕೆ ತಂದು ಬೆಳೆಸಿದ, ಕೌಜಲಗಿ ನಿಂಗಮ್ಮ ಊರೂರು ತಿರುಗಿ ಆಡಿದ ನಮ್ಮ ಸೀಮೆಯ ಬಯಲಾಟ. ನಾರದ ತಂದ ಹೂವನ್ನು ಕೃಷ್ಣ ರುಕ್ಮಿಣಿಗೆ ಕೊಟ್ಟ, ಸತ್ಯಭಾಮೆ ಸಿಟ್ಟಾದಳು ಅನ್ನುವಷ್ಟು ಇಲ್ಲಿ ಎಲ್ಲರಿಗೂ ಬಾಯಿಪಾಠ. ಆಮೇಲೆ ಗಿಡವನ್ನೇ ತಂದು ಸತ್ಯಭಾಮೆಯ ಅಂಗಳದಲ್ಲಿ ನೆಟ್ಟರೂ ಹೂವು ಮಾತ್ರ ರುಕ್ಮಿಣಿಯ ಅಂಗಳದಲ್ಲಿ ಬೀಳುತ್ತಿತ್ತು ಅನ್ನುವ ಮಾತನ್ನೂ ಕೇಳಿಯೇ ಇರುತ್ತೀರಿ. ನಾನು ಅಲ್ಲಿಂದ ಶುರು ಮಾಡಿದೆ. ನಸುಕಿನಲ್ಲಿ ಆ ಅಂಗಳ ಉಡುಗುವವಳು ಯಾರು? ದೂತಿ, ಆಟದಲ್ಲಿ ಬರುವ ಸಖಿ. ಆ ಮನೆಯಲ್ಲಿ ದಿನವಿಡೀ ಯಾರು ಯಾವ ಮಾತನ್ನು ಆಡದೆ ನುಂಗಿಕೊಂಡರೋ ಆ ಮಾತೆಲ್ಲ ರಾತ್ರಿ ಗಿಡದಲ್ಲಿ ಹೂವಾಗಿ ಅರಳಿ, ಬೆಳಗಾಗುವುದರೊಳಗೆ ಉದುರುತ್ತದೆ. ದೂತಿ ಅದನ್ನು ಉಡಿಯಲ್ಲಿ ತುಂಬಿಕೊಂಡು, ಯಾವ ಮಾತು ಯಾರಿಗೆ ಸೇರಬೇಕೋ ಅವರಿಗೆ ಮುಟ್ಟಿಸುತ್ತಾಳೆ. ಕಥೆ ಇಷ್ಟೇ. ಉಡಿಯ ಕಲ್ಪನೆ ಬಂದದ್ದು ನಮ್ಮೂರಿನ ಮಹಾಂತ ಜೋಳಿಗೆಯಿಂದ. ಸ್ವಾಮಿಗಳು ಮನೆಮನೆಗೆ ಹೋಗಿ ಜನರ ದುಶ್ಚಟಗಳನ್ನೇ ಭಿಕ್ಷೆ ಬೇಡಿದ ಊರಿದು. ಕಣ್ಣಿಗೆ ಕಾಣದ್ದನ್ನೂ ಒಂದು ಅರಿವೆಯಲ್ಲಿ ಹಾಕಿಸಿಕೊಳ್ಳಬಹುದು ಅಂತ ನನಗೆ ಸಣ್ಣಂದಿನಲ್ಲೇ ತಿಳಿದಿತ್ತು.

ಇದಕ್ಕಿಂತ ಮೊದಲು ಮೂರು ಸಲ ಸೋತಿದ್ದೇನೆ. ಮೊದಲನೆಯದು ಪುಸ್ತಕ. ಇದೇ ಪಾರಿಜಾತವನ್ನು ಇಂದ್ರನ ಸೈನ್ಯ, ಮಾಯಾಖಡ್ಗ ಎಲ್ಲ ಸೇರಿಸಿ ಬರೆದು, ಹೊರಗಿನ ಒಂದು ಪ್ರೆಸ್ಸಿನಲ್ಲಿ 300 ಪ್ರತಿ ಹಾಕಿಸಿದೆ. ಸುಮಾರು 19 ಸಾವಿರ ಹೋಯಿತು. ಪ್ರೆಸ್ಸಿನವರು ನಾಲ್ಕು ತಿಂಗಳು ತಡ ಮಾಡಿದರು, ಜಾತ್ರೆ ಮುಗಿದ ಮೇಲೆ ಕಟ್ಟು ಬಂತು. ಮಾರಿದ್ದು 40 ಇರಬೇಕು. ಉಳಿದವು ಇವತ್ತಿಗೂ ಅಟ್ಟದ ಮೇಲಿವೆ. ಎರಡನೆಯ ಸಲ ಆಟದ ಹಾಡಿನ ಧಾಟಿಯಲ್ಲೇ ಗದ್ಯ ಬರೆಯಲು ಹೋದೆ, ಎರಡು ಪುಟಕ್ಕೆ ಓದುವವರ ಉಸಿರು ಕಟ್ಟಿತು. ಮೂರನೆಯ ಸಲ ಇಡೀ ಕಥೆಯನ್ನು ಬರೆದು ಮುಗಿಸಿ, ಆಮೇಲೆ "ಹೇಗಿದೆ ಹೇಳಿ" ಅಂತ ಹತ್ತು ಮಂದಿಗೆ ಕೊಟ್ಟೆ. ಹತ್ತೂ ಮಂದಿ "ಚಲೋ ಐತ್ರಿ" ಅಂದರು. ಮುಗಿದ ಕಥೆಗೆ ಜನ ಬೇರೇನು ಅಂದಾರು? ತಪ್ಪು ಅಲ್ಲೇ ಇತ್ತು, ತಿಳಿಯಲು ವರ್ಷ ಹಿಡಿಯಿತು.

ತಿಳಿಸಿಕೊಟ್ಟದ್ದೂ ಆಟವೇ. ಪಾರಿಜಾತದಲ್ಲಿ ಹಾಡಿ ಕಥೆ ನಡೆಸುವ ಭಾಗವತನಿಗೆ ಒಬ್ಬನೇ ಕಥೆ ಹೇಳಲು ದೂತಿ ಬಿಡುವುದಿಲ್ಲ. ನಡುನಡುವೆ ತಡೆಯುತ್ತಾಳೆ, ಅಡ್ಡ ಕೇಳುತ್ತಾಳೆ, ಅವನ ಮಾತನ್ನು ಅವನಿಗೇ ತಿರುಗಿಸುತ್ತಾಳೆ, ಆ ಜಗ್ಗಾಟದಲ್ಲೇ ಕಥೆ ಮುಂದೆ ಹೋಗುತ್ತದೆ. ಹಾಗಾದರೆ ನನಗೂ ದೂತಿಯರು ಬೇಕು, ಅದೂ ಕಥೆ ಹಸಿ ಇರುವಾಗಲೇ ಬೇಕು. ಶನಿವಾರ ಹಾಳೆ ಹೊರಡುವ ಮೊದಲಿನ ಗುರುವಾರ ಸಂಜೆ, ಅಂಗಡಿ ಪಕ್ಕದ ಮನೆಯ ಕಟ್ಟೆಯ ಮೇಲೆ, ಅರ್ಧ ಬರೆದ ಕಂತನ್ನು ಗಟ್ಟಿಯಾಗಿ ಓದಲು ಶುರು ಮಾಡಿದೆ. ಒಂದೇ ನಿಯಮ: ಯಾರು ಎಲ್ಲಿ ಬೇಕಾದರೂ ತಡೆಯಬಹುದು, ನಾನು ಮಾತ್ರ ಸಮರ್ಥನೆ ಕೊಡುವಂತಿಲ್ಲ. ಬರೆದುಕೊಳ್ಳಬೇಕು, ಅಷ್ಟೇ. ಮೊದಲ ಗುರುವಾರ ಬಂದವರು ಐದು ಜನ. ಎದುರುಮನೆಯ ಅಜ್ಜಿ, ಕುಣಿ ಮಗ್ಗದಲ್ಲಿ ನೇಯುವ ಕಾಕಾ, ಅವರ ಸೊಸೆ, ನಿವೃತ್ತರಾದ ಒಬ್ಬ ಮಾಸ್ತರರು, ನರ್ಸಿಂಗ್ ಓದುವ ಒಬ್ಬ ಹುಡುಗಿ.

ಮೂರನೇ ಕಂತಿನ ಗುರುವಾರ ಕಾಕಾನ ಸೊಸೆ ನನ್ನನ್ನು ತಡೆದಳು. ಅಲ್ಲಿಯವರೆಗೆ ಗಿಡದ ತುಂಬ ಸತ್ಯಭಾಮೆ ನುಂಗಿದ ಮಾತುಗಳೇ ಹೂವಾಗಿ ಅರಳುತ್ತಿದ್ದವು. ಅವಳದೇ ಅಂಗಳ, ಅವಳದೇ ಗಿಡ ಅಲ್ಲವೇ?

"ಅಲ್ರೀ ಅಣ್ಣಾರ, ಸತ್ಯಭಾಮಿ ಯಾವತ್ತ ಮಾತು ನುಂಗ್ಯಾಳ? ಆಟದಾಗ ನೋಡೀರಿಲ್ಲೋ, ಅಕಿ ಎಲ್ಲಾ ಬಾಯಿಬಿಟ್ಟ ಅಂತಾಳ. ನುಂಗಾಕಿ ರುಕ್ಮಿಣಿ."

ಕಟ್ಟೆ ಒಂದು ಕ್ಷಣ ಸುಮ್ಮನಾಯಿತು. ಆಮೇಲೆ ಅಜ್ಜಿ ಮೆಲ್ಲಗೆ ಅಂದಳು: "ಹಂಗಾದ್ರ ಹೂವು ಅಕಿ ಅಂಗಳದಾಗ ಬೀಳೂದು ಖರೇನ ಐತಿ ಬಿಡು."

ನನ್ನ ಮೈ ಝುಂ ಅಂದಿತು. ಸತ್ಯಭಾಮೆಯ ಅಂಗಳದ ಗಿಡ ರುಕ್ಮಿಣಿಯ ಅಂಗಳಕ್ಕೇ ಯಾಕೆ ಹೂವು ಉದುರಿಸುತ್ತದೆ ಅನ್ನುವುದಕ್ಕೆ ನನ್ನ ಕಥೆಯೊಳಗಿನ ಕಾರಣ ಇಬ್ಬರು ಹೆಣ್ಣುಮಕ್ಕಳ ಬಾಯಿಂದ ಎರಡು ನಿಮಿಷದಲ್ಲಿ ಸಿಕ್ಕಿತ್ತು. ಆ ಹೂವು ರುಕ್ಮಿಣಿಯವೇ. ಮಾತು ಹುಟ್ಟಿದ ಕಡೆಗೇ ಉದುರುತ್ತಿದೆ. ಅಷ್ಟರಲ್ಲಿ ಮಾಸ್ತರರು ರುಕ್ಮಿಣಿಯ ಸಹನೆ ಭಕ್ತಿಯದು, ಅದನ್ನು ನುಂಗಿದ ದುಃಖ ಅಂತ ಮಾಡಿದರೆ ಮೂಲ ಕೆಡುತ್ತದೆ ಅಂತ ವಾದಕ್ಕೆ ನಿಂತರು. ನರ್ಸಿಂಗ್ ಹುಡುಗಿ ಬಿಡಲಿಲ್ಲ: "ಸರ, ಭಕ್ತಿ ಇದ್ದಾಕಿಗೆ ಹಸಿವು ಆಗೂದಿಲ್ಲೇನ್ರಿ?" ರಾತ್ರಿ ಒಂಬತ್ತೂವರೆವರೆಗೆ ನಡೆಯಿತು. ನಿಯಮದ ಪ್ರಕಾರ ನಾನು ಬಾಯಿ ಬಿಡಲಿಲ್ಲ. ಮನೆಗೆ ಹೋಗಿ ಮೂರನೇ ಕಂತನ್ನು ಹರಿದುಹಾಕಿ ಶುಕ್ರವಾರ ರಾತ್ರಿಯೊಳಗೆ ಹೊಸದು ಬರೆದೆ. ಆ ಶನಿವಾರದಿಂದ ಪ್ರತಿ ಏರತೊಡಗಿತು, 30 ಇದ್ದದ್ದು 45, ಆಮೇಲೆ 60.

ಐದನೇ ಕಂತಿನಲ್ಲಿ ಅಜ್ಜಿ ಹಿಡಿದ ತಪ್ಪು ಇನ್ನೂ ದೊಡ್ಡದು. ಚೈತ್ರ ಮಾಸದ ಬೆಳಗು, ಅಂಗಳ ತುಂಬ ಪಾರಿಜಾತ ಅಂತ ಬರೆದಿದ್ದೆ. "ತಮ್ಮಾ, ಪಾರಿಜಾತ ಮಳಿಗಾಲ ಹಿಂದ ಮಾಡಿ ನವರಾತ್ರಿ ಸುತ್ತಮುತ್ತ ಹೂ ಬಿಡೂ ಗಿಡ. ಬ್ಯಾಸಗ್ಯಾಗ ಎಲಿ ಉದುರಿ ಬರೇ ಕಡ್ಡಿ ನಿಂತಿರತೈತಿ." ಸ್ವರ್ಗದ ಗಿಡ, ಯಾವಾಗ ಬೇಕಾದರೂ ಹೂ ಬಿಟ್ಟೀತು ಅಂತ ತೇಲಿಸಬಹುದಿತ್ತು. ತೇಲಿಸಲಿಲ್ಲ. ಫ್ಯಾಂಟಸಿಯಲ್ಲಿ ಒಂದು ಅಚ್ಚರಿ ಒಪ್ಪಿಸಬೇಕಾದರೆ ಉಳಿದ ಒಂಬತ್ತು ವಿಷಯ ಹಿತ್ತಲಲ್ಲಿ ಇದ್ದಂತೆಯೇ ಇರಬೇಕು. ಹಾಗಾದರೆ ಬೇಸಿಗೆಯಲ್ಲಿ ನುಂಗಿದ ಮಾತು ಎಲ್ಲಿ ಹೋಗುತ್ತದೆ? ಈ ಪ್ರಶ್ನೆಯಿಂದ ಆರರಿಂದ ಒಂಬತ್ತರವರೆಗಿನ ನಾಲ್ಕು ಕಂತು ಹುಟ್ಟಿದವು. ಉಡಿ ಖಾಲಿ ಹೊತ್ತು ತಿರುಗುವ ದೂತಿ, ಹೂವಿಲ್ಲದೆ ತಾನೇ ಮುಖ ನೋಡಿ ಮಾತು ಊಹಿಸಲು ಕಲಿಯುತ್ತಾಳೆ. ಇಡೀ ಕಥೆಯಲ್ಲಿ ಜನ ಇವತ್ತಿಗೂ ನೆನೆಸುವ ಭಾಗ ಅದು. ಆ ನಾಲ್ಕು ಕಂತಿನಂಥದ್ದನ್ನು ನಮ್ಮ ಭಾಗದಲ್ಲಿ ಇತ್ತೀಚೆಗೆ ಯಾರೂ ಬರೆದಿಲ್ಲ ಅಂತ ನಾನು ಎದೆ ತಟ್ಟಿ ಹೇಳುತ್ತೇನೆ.

13ನೇ ಕಂತಿನಲ್ಲಿ ನಾನು ಜಾರಿದೆ. ಪ್ರತಿ 90ಕ್ಕೆ ಬಂದು ನಿಂತಿತ್ತು. ಗೆಳೆಯ ಒಂದೇ ಸಮ ಹೇಳುತ್ತಿದ್ದ, ಯಾರನ್ನಾದರೂ ಕೆಟ್ಟವನನ್ನು ತಾ ಅಂತ. ಆ ಗುರುವಾರ ಅಂಗಡಿಯಲ್ಲಿ ಹಾಲ್ ಟಿಕೆಟ್ ಪ್ರಿಂಟಿನ ಗದ್ದಲ, ಕಟ್ಟೆಯ ಓದು ತಪ್ಪಿಸಿದೆ. ಇಂದ್ರನ ಆಳೊಬ್ಬ ಕೊಡಲಿ ಹಿಡಿದು ಬಂದು ಗಿಡದ ಬುಡಕ್ಕೆ ಏಟು ಹಾಕಿದ ಅಂತ ಬರೆದು ಶನಿವಾರ ಹೊರಡಿಸಿಬಿಟ್ಟೆ. ಮುಂದಿನ ಕಂತಿಗೆ ಪ್ರತಿ 60ರ ಹತ್ತಿರ ಇಳಿಯಿತು. ಕಾಕಾ ಅಂಗಡಿಗೆ ಬಂದು ಹಾಳೆಯನ್ನು ಟೇಬಲ್ ಮೇಲಿಟ್ಟರು. "ಇದು ನಮ್ಮ ಕಥಿ ಅಲ್ಲಪಾ. ಕೊಂಡಿ ಕಳಚೈತಿ." ಅಷ್ಟೇ ಅಂದು ಹೋದರು.

ಇಳಕಲ್ ಸೀರೆ ಗೊತ್ತಿದ್ದವರಿಗೆ ಈ ಮಾತಿನ ತೂಕ ಗೊತ್ತು. ಒಡಲಿನ ಹಾಸು, ಅಂದರೆ ಉದ್ದುದ್ದದ ಎಳೆ ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆ ಎಳೆಗೆ ಕೊಂಡಿ ಹಾಕಿ ಕೂಡಿಸಿದರೇನೇ ತೋಪು ತೆನೆಯ ಸೆರಗು. ಮೂಲ ಆಟ ಒಡಲು, ನಾನು ಬರೆಯುವುದು ಸೆರಗು. ಬಣ್ಣ ಬೇರೆ ಇರಲಿ, ಆದರೆ ಒಂದೊಂದು ಎಳೆಗೂ ಆ ಕಡೆಯ ಒಂದು ಎಳೆ ಸಿಗಬೇಕು. ಪಾರಿಜಾತ ಮನೆಯೊಳಗಿನ ಮುನಿಸಿನ ಆಟ. ಅದರಲ್ಲಿ ಕೊಡಲಿಗೆ ಎಳೆ ಎಲ್ಲಿದೆ? 13ನೇ ಕಂತನ್ನು ಪೂರ್ತಿ ಹೊಸದಾಗಿ ಬರೆದು, ಹಳೆಯದನ್ನು ತಂದುಕೊಟ್ಟವರಿಗೆಲ್ಲ ಪುಕ್ಕಟೆ ಕೊಟ್ಟೆ. ನೂರು ಹಾಳೆ, ಮೇಲೆ ಟೋನರ್. ಹತ್ತಿರ ಹತ್ತಿರ 150 ರೂಪಾಯಿಯ ಪೆಟ್ಟು. ಆಮೇಲೆ ಒಂದು ಗುರುವಾರವನ್ನೂ ತಪ್ಪಿಸಿಲ್ಲ.

ಲೆಕ್ಕ ನೆನಪಿನಿಂದ ಹೇಳುತ್ತೇನೆ. 500 ಹಾಳೆಯ ರಿಮ್ 260ರ ಆಸುಪಾಸು, ಎರಡು ಮಗ್ಗುಲ ಟೋನರ್ ಸೇರಿ ಒಂದು ಪ್ರತಿಗೆ ಒಂದೂಕಾಲು ರೂಪಾಯಿ. ಮಾರಿದ್ದು 5ಕ್ಕೆ. ಚಹಾದಂಗಡಿ, ಕಿರಾಣಿಯಲ್ಲಿ ಇಟ್ಟ ಪ್ರತಿಗೆ ಅವರಿಗೊಂದು ರೂಪಾಯಿ. ಉದ್ರಿ, ಪುಕ್ಕಟೆ, ಮಳೆಗೆ ತೊಯ್ದದ್ದು ಎಲ್ಲ ಕಳೆದು ವರ್ಷಕ್ಕೆ ಆರು ಸಾವಿರದಷ್ಟು ಉಳಿಯಿತು. ಆ 19 ಸಾವಿರದ ಗುಂಡಿ ಇನ್ನೂ ತುಂಬಿಲ್ಲ, ಆದರೆ ಈ ಕಥೆ ತನ್ನ ಕಾಲ ಮೇಲೆ ತಾನು ನಿಂತಿತು. ಅಕ್ಷರ ನುಡಿ ತಂತ್ರಾಂಶದಲ್ಲೇ ಹೊಡೆದೆ. 12 ಪಾಯಿಂಟಿಗಿಂತ ಕೆಳಗೆ ಇಳಿಸಬೇಡಿ, 11 ಮಾಡಿದ ಕಂತಿಗೆ ಅಜ್ಜಿ ಎರಡು ದಿನ ಮಾತಾಡಲಿಲ್ಲ.

ನಡುವೆ ಒಂದು ಹುಚ್ಚು ಪ್ರಯೋಗವನ್ನೂ ಮಾಡಿದೆ. ಪಾರಿಜಾತದ ಕೇಸರಿ ತೊಟ್ಟಿನಿಂದ ಬಣ್ಣ ಬರುತ್ತದೆ, ಹಿಂದೆ ಬಟ್ಟೆಗೆ ಹಾಕುತ್ತಿದ್ದರು. ಹಾಳೆಯ ಅಂಚಿಗೆ ಆ ಬಣ್ಣವನ್ನೇ ಬಳಿಯೋಣ ಅಂತ ಅಜ್ಜಿಯ ಹಿತ್ತಲಿಂದ ವಾರಗಟ್ಟಲೆ ಹೂವು ಆರಿಸಿ, ತೊಟ್ಟು ಬಿಡಿಸಿ, ನೆರಳಲ್ಲಿ ಒಣಗಿಸಿ ಕುದಿಸಿದೆ. ದೊಡ್ಡ ಡಬ್ಬಿ ತೊಟ್ಟಿಗೆ ಒಂದು ಲೋಟ ಬಣ್ಣ. ಹಾಳೆಗೆ ಹಚ್ಚಿದರೆ ಸೊಟ್ಟಗಾಗಿ ಮಷಿನ್‌ನಲ್ಲಿ ಸಿಕ್ಕಿಕೊಂಡಿತು, ಒಂದು ರೋಲರ್ ಹಾಳಾಗಿ 700 ರೂಪಾಯಿ ಹೋಯಿತು. ಪ್ರಿಂಟ್ ಆದ ಮೇಲೆ ಹಚ್ಚಿ ನೋಡಿದೆ, ಅಂದವಾಗಿ ಬಂತು, ಬಿಸಿಲಿಗಿಟ್ಟ ನಾಲ್ಕೇ ದಿನಕ್ಕೆ ಮಾಸಿತು. ಪಟಿಕದ ನೀರಿನಲ್ಲಿ ಅದ್ದಿದ ನೂಲಿಗೆ ಮಾತ್ರ ಬಣ್ಣ ಸ್ವಲ್ಪ ನಿಂತಿತು. ಕಾಕಾ ಆ ನೂಲಿನಿಂದಲೇ ತಮ್ಮ 24 ಹಾಳೆಗಳನ್ನು ಹೊಲಿದು ಇಟ್ಟುಕೊಂಡಿದ್ದಾರೆ. ಕಥೆಯನ್ನು ಓದಿ ರೆಕಾರ್ಡ್ ಮಾಡಿಯೂ ನೋಡಿದೆ. ಮಗ್ಗದ ಸಪ್ಪಳ ಸೇರಿ ಅರ್ಧ ಕೇಳಿಸಲಿಲ್ಲ, ಬಿಟ್ಟೆ.

ದೂತಿಗೆ ಹೆಸರಿಡಬೇಕೋ ಬೇಡವೋ ಅಂತ ಮೂರು ಗುರುವಾರ ಕಟ್ಟೆ ಎರಡು ಪಾಲಾಗಿತ್ತು. ಹೆಸರಿಲ್ಲದೆ ಇಡೀ ಮನೆಯ ಗುಟ್ಟು ಹೊತ್ತವಳಿಗೆ ಇನ್ನಾದರೂ ಹೆಸರು ಕೊಡಿ ಅಂತ ಹೆಣ್ಣುಮಕ್ಕಳು. ಆಟದಲ್ಲಿ ಇಲ್ಲದ್ದು ಇಲ್ಲೂ ಬೇಡ ಅಂತ ಮಾಸ್ತರರು. ನಾನು ಏನು ಮಾಡಿದೆ, 19ನೇ ಕಂತಿನಲ್ಲಿ ಅದನ್ನು ಹೇಗೆ ಬಿಡಿಸಿದೆ ಅನ್ನುವುದನ್ನು ಇಲ್ಲಿ ಹೇಳುವುದಿಲ್ಲ. ಹಾಗೆಯೇ ಕಟ್ಟೆಯ ಮೇಲೆ ಬಿದ್ದ ಇಪ್ಪತ್ತು ಮಾತಲ್ಲಿ ಯಾವುದನ್ನು ಕಥೆಗೆ ತೆಗೆದುಕೊಳ್ಳುವುದು, ಯಾವುದನ್ನು ಬಿಡುವುದು ಅನ್ನುವುದಕ್ಕೆ ನನ್ನದೊಂದು ಅಳತೆ ಇದೆ. ಅದು ಕೈಗೆ ಬರಲು ವರ್ಷ ಬೇಕಾಯಿತು, ಸದ್ಯ ನನ್ನಲ್ಲೇ ಇರಲಿ.

24ನೇ ಕಂತಿನಲ್ಲಿ ದೂತಿ ಕಡೆಯ ಹೂವನ್ನು ಕೃಷ್ಣನ ಕೈಗಿಡುತ್ತಾಳೆ. ಅದರಲ್ಲಿ ರುಕ್ಮಿಣಿ ನುಂಗಿದ ಮಾತು ಯಾವುದು ಅಂತ ಬರೆಯಲು ನನಗೆ ಕೈ ಬರಲಿಲ್ಲ. ಏಳೆಂಟು ಸಲ ಬರೆದು ಅಳಿಸಿ, ಕಡೆಗೆ ನಾಲ್ಕನೇ ಪುಟದ ಅರ್ಧ ಖಾಲಿ ಬಿಟ್ಟೆ. ನೀವೇ ಬರೆದು ತಂದುಕೊಡಿ ಅಂತ ಕೆಳಗೆ ಒಂದು ಸಾಲು. ಯಾರೂ ತರುವುದಿಲ್ಲ ಅಂತ ಗೆಳೆಯ ಅಂದ. 37 ಹಾಳೆ ವಾಪಸು ಬಂದವು. ಕೆಲವರು ಹಾಡು ಬರೆದಿದ್ದರು, ಮಾಸ್ತರರು ಅರ್ಧ ಪುಟ ಸಾಲದೆ ಬೇರೆ ಹಾಳೆ ಅಂಟಿಸಿದ್ದರು. ಓದು ಬರಹ ಅಷ್ಟಾಗಿ ಬಾರದ ಅಜ್ಜಿ ಮೊಮ್ಮಗಳ ಕೈಲಿ ಒಂದೇ ಸಾಲು ಬರೆಸಿದ್ದಳು: "ನೀ ಉಂಡಿಯೇನು ಅಂತ ನನಗ ಯಾರೂ ಕೇಳಲಿಲ್ಲ."

ಅಜ್ಜಿಯನ್ನು ಕೇಳಿಯೇ ಆ ಸಾಲನ್ನು ಮುಂದಿನ ಕಥೆಯ ಮೊದಲ ಸಾಲು ಮಾಡಿಕೊಂಡಿದ್ದೇನೆ. ಈ ಸಲ ಅದೇ ಆಟದ ಗೊಲ್ಲತಿಯ ಕಥೆ. ಓದು ನವರಾತ್ರಿ ಕಳೆದ ಮೊದಲ ಗುರುವಾರ, ಅದೇ ಕಟ್ಟೆ. ಹಾಳೆಯ ರೇಟು ಏರಿದೆ, ಹೀಗಾಗಿ ಪ್ರತಿಗೆ 6 ರೂಪಾಯಿ.